ಆಳದ ನಾಣ್ಯದ ಸದ್ದು ಗುರುತಿಸುವುದು: ಕಾರವಾರದ ಮರಳಿನಿಂದ ಶಿರಸಿಯ ಕೆಂಪು ಮಣ್ಣಿನವರೆಗೆ ಮೆಟಲ್ ಡಿಟೆಕ್ಟರ್ ಬಳಕೆ

ಕಾರವಾರದ ಒಣ ಮರಳಿನಲ್ಲಿ ಹಳೆಯ ಐದು ರೂಪಾಯಿ ನಾಣ್ಯಕ್ಕೆ ಒಂದೇ ಅಂಕಿ ತೋರಿಸಿ ನಿಲ್ಲುವ ಡಿಟೆಕ್ಟರ್, ದೇವಿಮನೆ ಘಟ್ಟ ಹತ್ತಿ ಶಿರಸಿಯ ಕೆಂಪು ಮಣ್ಣಿಗೆ ಬಂದರೆ ಅದೇ ನಾಣ್ಯಕ್ಕೆ ಒಂದೊಂದು ಬೀಸಿಗೆ ಒಂದೊಂದು ಅಂಕಿ ತೋರಿಸುತ್ತದೆ. ಯಂತ್ರ ಹಾಳಾಗಿಲ್ಲ, ನೆಲ ಬದಲಾಗಿದೆ. ನಾಣ್ಯ ಒಂದು ಗೇಣು ಆಳಕ್ಕೆ ಇಳಿದ ಮೇಲೆ ಪರದೆಯ ಅಂಕಿ ನಂಬಿ ಅಗೆಯುವವರಿಗೆ ಮೊಳೆ ಸಿಗುತ್ತದೆ, ಅಂಕಿ ನಂಬಿ ಮುಂದೆ ಹೋಗುವವರ ಕಾಲಡಿಯಲ್ಲೇ ನಾಣ್ಯ ಉಳಿಯುತ್ತದೆ. ಆಳದಲ್ಲಿ ಕೆಲಸಕ್ಕೆ ಬರುವುದು ಕಿವಿ. ಸದ್ದಿನ ಅಂಚು ಹೇಗಿದೆ, ಅಗಲ ಎಷ್ಟಿದೆ, ಎಡದಿಂದ ಬೀಸಿದರೂ ಬಲದಿಂದ ಬೀಸಿದರೂ ಅದೇ ಜಾಗದಲ್ಲಿ ಬರುತ್ತದೆಯೇ ಎಂಬ ಈ ಮೂರನ್ನು ಕೇಳಿ ತಿಳಿಯುವ ರೀತಿಯನ್ನೇ ಇಲ್ಲಿ ವಿವರಿಸಿದೆ. ಹೇಳಿದ್ದೆಲ್ಲ ಹೆಚ್ಚಿನವರ ಕೈಯಲ್ಲಿರುವ ವಿಎಲ್‌ಎಫ್ ಯಂತ್ರಗಳಿಗೆ, ಅಂದರೆ ಪರದೆಯಲ್ಲಿ ಅಂಕಿ ತೋರಿಸಿ (ಕಬ್ಬಿಣಕ್ಕೆ ಕೆಳಗಿನದು, ತಾಮ್ರ, ಬೆಳ್ಳಿಗೆ ಮೇಲಿನದು) ಲೋಹ ಬೇರ್ಪಡಿಸುವ ಜಾತಿಯ ಯಂತ್ರಗಳಿಗೆ ಅನ್ವಯ. ಸಣ್ಣ ಸಣ್ಣ ವಿದ್ಯುತ್ ಮಿಡಿತ ಬಿಟ್ಟು ಲೋಹ ಹುಡುಕುವ ಇನ್ನೊಂದು ಜಾತಿಯ, ಪಲ್ಸ್ ಇಂಡಕ್ಷನ್ ಯಂತ್ರದ ಮಾತು ಕಡಲತೀರದ ಭಾಗದಲ್ಲಿ ಬರುತ್ತದೆ.

ಎಲ್ಲಿ ಯಂತ್ರ ತೆಗೆಯಬಾರದು

ಬನವಾಸಿಯ ಮಧುಕೇಶ್ವರ ದೇವಸ್ಥಾನದ ಸುತ್ತಮುತ್ತ, ಮಿರ್ಜಾನ್ ಮತ್ತು ಸದಾಶಿವಗಡದ ಕೋಟೆಗಳಲ್ಲಿ, ಸೋಂದಾದ ಹಳೆಯ ಕಟ್ಟಡಗಳ ಬಳಿ ಡಿಟೆಕ್ಟರನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ. ಸಂರಕ್ಷಿತ ಸ್ಮಾರಕದ ಪ್ರದೇಶದಲ್ಲಿ ಪರವಾನಗಿ ಇಲ್ಲದೆ ಅಗೆಯುವುದನ್ನು ಕೇಂದ್ರದ 1958ರ ಕಾಯ್ದೆ ನಿಷೇಧಿಸುತ್ತದೆ. ಸೊಪ್ಪಿನ ಬೆಟ್ಟದಲ್ಲಿ ತೋಟಿಗರಿಗೆ ಸೊಪ್ಪು, ದರಕು ತರುವ ಹಕ್ಕಿದ್ದರೂ ನೆಲ ಅರಣ್ಯದ್ದು. ಅಲ್ಲಿ ಗುಂಡಿ ತೆಗೆದರೆ ಅರಣ್ಯ ಇಲಾಖೆಗೆ ಉತ್ತರ ಕೊಡಬೇಕಾಗುತ್ತದೆ. ಅರಗಾ ಸುತ್ತಿನ ನೌಕಾನೆಲೆಯ ಕಡೆಗಂತೂ ತಲೆ ಹಾಕಬೇಡಿ. ಉಳಿಯುವುದು ನಿಮ್ಮದೇ ಅಂಗಳ, ಮಾಲೀಕರು ಒಪ್ಪಿದ ತೋಟ ಮತ್ತು ಗದ್ದೆ, ಜನ ಚಿಲ್ಲರೆ ಮತ್ತು ಉಂಗುರ ಕಳೆದುಕೊಳ್ಳುವ ಕಡಲತೀರ. ತೀರದಲ್ಲೂ ಕಡಲಾಮೆ ಮೊಟ್ಟೆಯಿಟ್ಟ ಜಾಗಕ್ಕೆ ಬೇಲಿ ಹಾಕಿದ್ದರೆ ದೂರದಿಂದಲೇ ಸುತ್ತಿ ಹೋಗಿ.

ನೆಲದಡಿ ಹುದುಗಿದ್ದು ಸಿಕ್ಕರೆ 1878ರ ಭಾರತೀಯ ನಿಧಿ ಕಾಯ್ದೆ, ರಾಜ್ಯದ 1962ರ ನಿಧಿ ಕಾಯ್ದೆ ಎರಡೂ ನೆನಪಿರಲಿ. 1878ರ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಏನು, ಎಷ್ಟು, ಎಲ್ಲಿ, ಯಾವ ದಿನ ಸಿಕ್ಕಿತು ಎಂದು ಕಲೆಕ್ಟರಿಗೆ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗೆ, ಬರೆದು ತಿಳಿಸಬೇಕೆಂದಿದೆ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ.

ಇನ್ನೊಂದು ಮಾತು. ನೂರು ಮೀಟರ್ ದೂರದಿಂದಲೇ ಬಂಗಾರ ತೋರಿಸುತ್ತದೆ ಎಂದು ಎರಡು ಆಂಟೆನಾ ಕಡ್ಡಿಯ ‘ಲಾಂಗ್ ರೇಂಜ್’ ಯಂತ್ರವನ್ನು ಲಕ್ಷಗಟ್ಟಲೆ ಬೆಲೆಗೆ ಮಾರುವವರಿದ್ದಾರೆ. ಅದರೊಳಗೆ ಕಾಯಿಲೂ (ನೆಲದ ಮೇಲೆ ಬೀಸುವ ತಂತಿಸುರುಳಿಯ ತಟ್ಟೆ) ಇಲ್ಲ, ಲೋಹದ ಸುದ್ದಿ ಹಿಡಿಯುವ ಸರ್ಕಿಟ್ಟೂ ಇಲ್ಲ. ದುಡ್ಡು ಹಾಳು ಮಾಡಬೇಡಿ.

ಆಳ ಹೆಚ್ಚಿದಂತೆ ಸಿಗ್ನಲ್ ಏಕೆ ಕೆಡುತ್ತದೆ

ಕಾಯಿಲ್‌ನ ಕಾಂತಕ್ಷೇತ್ರ ನೆಲಕ್ಕಿಳಿದು ನಾಣ್ಯದಲ್ಲಿ ಸುಳಿ ಪ್ರವಾಹ ಹುಟ್ಟಿಸುತ್ತದೆ. ಆ ಪ್ರವಾಹದ ಕ್ಷೇತ್ರ ತಿರುಗಿ ಕಾಯಿಲ್‌ಗೆ ಬರುತ್ತದೆ. ಹೋಗುವಾಗಲೂ ಬರುವಾಗಲೂ ಬಲ ಕುಂದುವುದರಿಂದ ಸವಕಲು ಎರಡು ಪಟ್ಟು. 11 ಇಂಚಿನ ಕಾಯಿಲನ್ನು ಸರಳವಾದ ಒಂದು ಸುರುಳಿ ಎಂದುಕೊಂಡು ಲೆಕ್ಕ ಹಾಕಿದರೆ, 10 ಸೆಂ.ಮೀ. ಆಳದ ನಾಣ್ಯವನ್ನು 20 ಸೆಂ.ಮೀ.ಗೆ ಇಳಿಸಿದಾಗ ಸಿಗ್ನಲ್ ಸುಮಾರು ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ, 30 ಸೆಂ.ಮೀ.ಗೆ ಇಳಿಸಿದರೆ ಐವತ್ತನೇ ಒಂದು ಭಾಗ ಉಳಿಯುತ್ತದೆ. ನೆಲದ ಸಿಗ್ನಲ್ ಮಾತ್ರ ಕಾಯಿಲ್‌ಗೆ ತಾಗಿಕೊಂಡೇ ಇರುವುದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಶಿರಸಿ, ಸಿದ್ದಾಪುರದ ಕೆಂಪು ಮಣ್ಣಿನಲ್ಲಿ, ಕರಾವಳಿಯ ಚಿರೇಕಲ್ಲಿನ ದಿಬ್ಬಗಳಲ್ಲಿ ಕಬ್ಬಿಣದ ಆಕ್ಸೈಡ್ ದಂಡಿಯಾಗಿದೆ. ಯಂತ್ರಕ್ಕೆ ನಾಣ್ಯದ ಸಣ್ಣ ದನಿ, ನೆಲದ ದೊಡ್ಡ ದನಿ ಎರಡೂ ಕೂಡಿಯೇ ಕೇಳುತ್ತವೆ. ಆದ್ದರಿಂದ ತಾಮ್ರದ ನಾಣ್ಯಕ್ಕೆ ಬರಬೇಕಾದ ಮೇಲಿನ ಅಂಕಿ ಆಳದಲ್ಲಿ ಕಬ್ಬಿಣದ ಕಡೆಗೆ ಜಾರುತ್ತದೆ, ಇಲ್ಲವೇ ಬೀಸಿನಿಂದ ಬೀಸಿಗೆ ಹಾರಾಡುತ್ತದೆ. ಪಕ್ಕದಲ್ಲಿ ಮೊಳೆ ಇದ್ದರೆ ಕೆಲವು ಯಂತ್ರಗಳಲ್ಲಿ ಅಂಕಿ ತಿರುಗಿ ಮೇಲಕ್ಕೂ ಹೋಗುತ್ತದೆ. ಒಳ್ಳೆಯ ನೆಲದಲ್ಲಿ 11 ಇಂಚಿನ ಕಾಯಿಲ್‌ಗೆ ಕಾಲಾಣೆ ಗಾತ್ರದ ನಾಣ್ಯ 20ರಿಂದ 25 ಸೆಂ.ಮೀ.ವರೆಗೆ ಕೇಳಿಸಿದರೆ, ಚಿರೇಕಲ್ಲಿನ ಪುಡಿ ತುಂಬಿದ ನೆಲದಲ್ಲಿ ಅದರ ಅರ್ಧ ಸಿಕ್ಕರೂ ಸಮಾಧಾನಪಡಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ಆಳ ಇಲ್ಲಿನ ಮಣ್ಣಿನದ್ದಲ್ಲ.

ನಮ್ಮ ನಾಣ್ಯಗಳ ಲೋಹ ಗೊತ್ತಿರಬೇಕು

ಹೊರದೇಶದ ಯಂತ್ರಗಳ ಅಂಕಿಪಟ್ಟಿ ಅಲ್ಲಿನ ನಾಣ್ಯಗಳಿಗೆ ಮಾಡಿದ್ದು. ನಮ್ಮಲ್ಲಿ ಅದನ್ನು ಹಾಗೇ ಬಳಸಿದರೆ ಒಂದು ದೊಡ್ಡ ತೊಡಕಿದೆ: 1992ರಿಂದ ಬಂದ ಒಂದು ರೂಪಾಯಿ, 2005ರಿಂದ ಬಂದ ಎರಡು ರೂಪಾಯಿ, 1988ರ ನಂತರದ 25 ಮತ್ತು 50 ಪೈಸೆ ಎಲ್ಲವೂ ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನವು. ಕಬ್ಬಿಣ ಬೇಡವೆಂದು ಡಿಸ್ಕ್ರಿಮಿನೇಶನ್ ಹಾಕಿದ ಕ್ಷಣದಲ್ಲೇ ತೀರದ ಚಿಲ್ಲರೆಯ ಬಹುಪಾಲು ಯಂತ್ರಕ್ಕೆ ಕಾಣದಾಗುತ್ತದೆ. ಹತ್ತಿರದಲ್ಲಿದ್ದಾಗ ಈ ಸ್ಟೀಲ್ ಬಿಲ್ಲೆಗಳು ಚಪ್ಪಟೆಯಾಗಿರುವುದರಿಂದ ಕಬ್ಬಿಣದ ಅಂಕಿಗೂ ತೀರಾ ಮೇಲಿನ ಅಂಕಿಗೂ ನೆಗೆದಾಡುತ್ತವೆ. ಸೋಡಾ ಬಾಟಲಿಯ ಮುಚ್ಚಳವೂ ಹೀಗೇ ಮಾಡುತ್ತದೆ. ಎರಡನ್ನೂ ಸದ್ದಿನಿಂದ ಬೇರ್ಪಡಿಸುವುದು ಕಷ್ಟವೇ.

ಹಳೆಯ ಐದು ರೂಪಾಯಿ, 1982ರಿಂದ 2004ರವರೆಗಿನ ಎರಡು ರೂಪಾಯಿ ತಾಮ್ರ-ನಿಕಲ್ ಮಿಶ್ರಣದವು. ಇವು ಕೆಳ-ನಡು ಅಂಕಿಯಲ್ಲಿ, ಅಲ್ಯೂಮಿನಿಯಂ ಹಾಳೆಯ ಆಸುಪಾಸಿನಲ್ಲೇ ಕೂರುತ್ತವೆ. 1964ರಿಂದ ಬಂದ ಅಲ್ಯೂಮಿನಿಯಂ ಪೈಸೆಗಳು, ಅಂದರೆ ಚೌಕದ ಐದು ಪೈಸೆ, ಅಲೆಯಂಚಿನ ಹತ್ತು ಪೈಸೆ, ಆರು ಮೂಲೆಯ ಮೂರು ಪೈಸೆ, ಹಗುರವಾದ್ದರಿಂದ ಮೇಲ್ಪದರದಲ್ಲೇ ಸಿಗುವುದು ಹೆಚ್ಚು. ಸ್ವಾತಂತ್ರ್ಯದ ಹೊತ್ತಿನ 1947ರ ರೂಪಾಯಿ, 1957ರ ನಂತರದ ಮೊದಲ 25 ಮತ್ತು 50 ನಯಾ ಪೈಸೆಗಳು ಅಪ್ಪಟ ನಿಕಲ್. ನಿಕಲ್ ಕೂಡ ಅಯಸ್ಕಾಂತಕ್ಕೆ ಅಂಟುವ ಲೋಹವಾದ್ದರಿಂದ ಅವುಗಳ ಅಂಕಿಗೂ ಭರವಸೆ ಇಲ್ಲ.

ಆಳದಲ್ಲಿ ಚೆನ್ನಾಗಿ ಮಾತಾಡುವುದು ತಾಮ್ರ ಮತ್ತು ಬೆಳ್ಳಿ. 1835ರ ಕಂಪನಿ ಕಾಲಾಣೆ 6.47 ಗ್ರಾಂ ತೂಕದ ತಾಮ್ರ. 1906ರಿಂದ ಕಾಲಾಣೆ ಕಂಚಿಗೆ ತಿರುಗಿ ತೂಕ 4.86 ಗ್ರಾಂಗೆ ಇಳಿಯಿತು. 1939ರವರೆಗಿನ ರೂಪಾಯಿ 11.66 ಗ್ರಾಂ, ಶೇ. 91.7 ಬೆಳ್ಳಿ, 1940ರಿಂದ ಬೆಳ್ಳಿ ಅರ್ಧಕ್ಕರ್ಧ. 1943ರಿಂದ 47ರವರೆಗಿನ ತೂತು ಬಿಲ್ಲೆ ಕಂಚಿನದ್ದು, ನಡುವೆ ತೂತಿದ್ದರೂ ಉಂಗುರದಂತೆ ಪ್ರವಾಹ ಸುತ್ತುವುದರಿಂದ ಸದ್ದು ದುಂಡಗೇ ಬರುತ್ತದೆ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿತು, ಗೋವಾ ಗಡಿ ಮಗ್ಗುಲಲ್ಲೇ ಇದೆ. ಹಾಗಾಗಿ ಕಾರವಾರ ಕಡೆ ಪೋರ್ಚುಗೀಸ್ ತಾಮ್ರವೂ ಸಿಕ್ಕೀತು, ಅದೂ ಮೇಲಿನ ಅಂಕಿಯದ್ದೇ.

ಯಂತ್ರವನ್ನು ನೆಲಕ್ಕೆ ಹೊಂದಿಸುವುದು

ಮೊದಲು ಲೋಹ ಇಲ್ಲದ ಒಂದು ಮೊಳ ಜಾಗ ಹುಡುಕಿ. ಕಾಯಿಲನ್ನು ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಎತ್ತಿ 3 ಸೆಂ.ಮೀ.ಗೆ ಇಳಿಸುತ್ತ, ಮತ್ತೆ ಎತ್ತುತ್ತ, ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ನೆಲದ ಸಿಗ್ನಲನ್ನು ಯಂತ್ರ ಕಡೆಗಣಿಸುವಂತೆ ಹೊಂದಿಸಿ. ಎತ್ತುವಾಗಲೂ ಇಳಿಸುವಾಗಲೂ ಸದ್ದು ಏರದೆ ಇಳಿಯದೆ ಒಂದೇ ಸಮ ಇರಬೇಕು. ಸೊನ್ನೆಯಿಂದ 99ರ ಅಳತೆಯಿರುವ ಬಹುತೇಕ ಯಂತ್ರಗಳಲ್ಲಿ ಕೆಂಪು ಮಣ್ಣು, ಚಿರೇಕಲ್ಲು ಮೇಲಿನ ಅಂಕಿಗೆ ಹೊಂದುತ್ತವೆ, ಉಪ್ಪು ನೀರಿನ ಮರಳು ತೀರಾ ಕೆಳಗಿನ ಅಂಕಿಗೆ. ತೋಟದ ಕಪ್ಪು ಗೊಚ್ಚಿನಿಂದ ಅಂಗಳದ ಕೆಂಪು ಮಣ್ಣಿಗೆ ಬಂದರೆ, ಅಂಗಳದಿಂದ ಚಿರೇಕಲ್ಲಿನ ಪಾಗಾರದ ಬುಡಕ್ಕೆ ಬಂದರೆ, ಅಷ್ಟೂ ಸಲ ಮತ್ತೆ ಮಾಡಬೇಕು. ಹತ್ತು ಹೆಜ್ಜೆಗೆ ಮಣ್ಣು ಬದಲಾಗುವ ಊರಿದು.

ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸಿದರೆ ಆಳ ಹೆಚ್ಚುತ್ತದೆ ಎಂಬುದು ಕೆಂಪು ಮಣ್ಣಿನಲ್ಲಿ ನಿಜವಲ್ಲ. ಯಂತ್ರ ಚಿಟಚಿಟ ಎನ್ನುವವರೆಗೆ ಏರಿಸಿ, ಅಲ್ಲಿಂದ ಎರಡು ಮೂರು ಮೆಟ್ಟಿಲು ಇಳಿಸಿ. ನೆಲದ ಗದ್ದಲ ಕಡಿಮೆಯಾದಾಗ ಸಣ್ಣ ದನಿ ಎದ್ದು ಕೇಳುತ್ತದೆ. ಡಿಸ್ಕ್ರಿಮಿನೇಶನ್ ತೆಗೆದುಬಿಡಿ, ಕಬ್ಬಿಣವನ್ನು ಮುಚ್ಚುವ ಬದಲು ಅದಕ್ಕೆ ತಗ್ಗಿದ, ದಪ್ಪ ಸದ್ದು ಕೊಡಿ. ಥ್ರೆಶೋಲ್ಡ್, ಅಂದರೆ ಸದಾ ಕೇಳುತ್ತಿರುವ ಹಿನ್ನೆಲೆ ಸದ್ದು, ಇರುವ ಯಂತ್ರದಲ್ಲಿ ಅದನ್ನು ಕಿವಿಗೆ ಬೀಳುವುದೋ ಇಲ್ಲವೋ ಎನ್ನುವಷ್ಟು ಸಣ್ಣ ಗುಂಯ್‌ಗುಡುವಿಕೆಗೆ ಇಟ್ಟುಕೊಳ್ಳಿ. ರಿಕವರಿ ಸ್ಪೀಡ್ (ಒಂದು ಗುರಿಯ ಸದ್ದು ಮುಗಿಸಿ ಮುಂದಿನದಕ್ಕೆ ಸಿದ್ಧವಾಗುವ ವೇಗ) ಎಂಬ ಹೊಂದಾಣಿಕೆ ಇದ್ದರೆ ಕಸ ಕಡಿಮೆಯಿರುವ ಜಾಗದಲ್ಲಿ ತಗ್ಗಿಸಿ, ಮೊಳೆ ತುಂಬಿದ ಹಳೆಯ ಮನೆಯಡಿಯಲ್ಲಿ ಏರಿಸಿ. ತಾಮ್ರ, ಬೆಳ್ಳಿಗೆ 5ರಿಂದ 8 ಕಿಲೋಹರ್ಟ್ಸ್‌ನ ತಗ್ಗಿನ ಆವರ್ತನ ಒಳ್ಳೆಯದು. ಬಹು ಆವರ್ತನದ ಯಂತ್ರವಾದರೆ ಆ ಚಿಂತೆ ಇಲ್ಲ. ಕಾಯಿಲ್ ಡಿಡಿ ಜಾತಿಯದ್ದೇ, ಅಂದರೆ ಒಳಗೆ D ಆಕಾರದ ಎರಡು ಸುರುಳಿ ಇರುವಂಥದ್ದೇ ಇರಲಿ. 11 ಇಂಚಿನದಕ್ಕಿಂತ ದೊಡ್ಡ 15 ಇಂಚಿನ ಕಾಯಿಲ್ ಕೊಂಡರೆ ನಾಣ್ಯದ ಆಳ ಅಷ್ಟೇನೂ ಹೆಚ್ಚುವುದಿಲ್ಲ, ಅದು ಕೆಂಪು ಮಣ್ಣನ್ನೂ ಅಷ್ಟೇ ಹೆಚ್ಚಾಗಿ ನೋಡುತ್ತದೆ.

ಕಾರಣವಿಲ್ಲದೆ ಯಂತ್ರ ಗದ್ದಲ ಮಾಡಿದರೆ ಸುತ್ತ ನೋಡಿ. ಕೈಗಾದಿಂದ ಹೊರಡುವ ಹೈ ಟೆನ್ಷನ್ ಲೈನಿನ ಕೆಳಗೆ ಸಣ್ಣ ಸಿಗ್ನಲ್ ಕೇಳುವ ಆಸೆ ಬಿಡಿ. ತೋಟದ ಸುತ್ತ ಐಬೆಕ್ಸ್ ಬೇಲಿ (ಕರೆಂಟು ಹರಿಸುವ ತಂತಿ ಬೇಲಿ) ಇದ್ದರೆ ಸುಮಾರು ಸೆಕೆಂಡಿಗೊಮ್ಮೆ, ತಾಳ ತಪ್ಪದೆ, ‘ಟಿಕ್’ ಎನ್ನುತ್ತದೆ. ಕಾಯಿಲನ್ನು ಅಲುಗಾಡಿಸದೆ ಗಾಳಿಯಲ್ಲಿ ಹಿಡಿದರೂ ಟಿಕ್ ನಿಲ್ಲದಿದ್ದರೆ ಅದು ಬೇಲಿಯದ್ದೇ. ಮನೆಯವರಿಗೆ ಹೇಳಿ ಹಗಲು ಹೊತ್ತು ಬೇಲಿ ಆಫ್ ಮಾಡಿಸಿಕೊಳ್ಳಿ. ಜೇಬಿನ ಮೊಬೈಲ್ ಕೂಡ ಇದನ್ನೇ ಮಾಡುತ್ತದೆ.

ಮೈಲುತುತ್ತ ಹೊಡೆದ ಅಡಿಕೆ ತೋಟದ ಮಣ್ಣಲ್ಲಿ ತಾಮ್ರ ಇರುವುದರಿಂದ ಯಂತ್ರ ಮೋಸಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಅದು ತಾಮ್ರದ ಲವಣ, ಲೋಹವಲ್ಲ. ಸುಳಿ ಪ್ರವಾಹ ಅದರಲ್ಲಿ ಹುಟ್ಟುವುದಿಲ್ಲ.

ಸದ್ದು ಓದುವುದು

ಕಾಯಿಲನ್ನು ನೆಲಕ್ಕೆ ಎರಡು ಬೆರಳಿನಷ್ಟು ಹತ್ತಿರ, ಸಮನಾಗಿ ಬೀಸಬೇಕು. ಬೀಸಿನ ತುದಿಯಲ್ಲಿ ಕಾಯಿಲ್ ಮೇಲೇಳುವುದು ಎಲ್ಲರ ಅಭ್ಯಾಸ. ಅಲ್ಲಿ 5 ಸೆಂ.ಮೀ. ಎದ್ದರೆ ಆಳದಲ್ಲಿ ಅಷ್ಟೇ ನಷ್ಟ. ಒಂದೂಕಾಲು ಮೀಟರ್ ಅಗಲವನ್ನು ಎರಡರಿಂದ ಮೂರು ಸೆಕೆಂಡಿನಲ್ಲಿ ದಾಟುವ ವೇಗ ಸಾಕು. ತೀರಾ ನಿಧಾನ ಮಾಡಿದರೂ ಕೆಲವು ಯಂತ್ರಗಳು ಆಳದ ಗುರಿಯನ್ನು ನೆಲವೆಂದು ತಿಳಿದು ಅಳಿಸಿಹಾಕುತ್ತವೆ. ಹೆಜ್ಜೆ ಮುಂದಿಡುವಾಗ ಹಿಂದಿನ ಬೀಸಿನ ಅರ್ಧ ಭಾಗ ಮತ್ತೆ ಬೀಸಿನೊಳಗೆ ಬರಲಿ, ಏಕೆಂದರೆ ಕಾಯಿಲ್‌ನ ಆಳದ ನೋಟ ನಡುಭಾಗದಲ್ಲಿ ಮಾತ್ರ ಪೂರ್ತಿ ಇರುತ್ತದೆ.

ಕೆಂಪು ಮಣ್ಣಿನಲ್ಲಿ ಒಂದು ಗೇಣು ಕೆಳಗಿರುವ ತಾಮ್ರದ ಕಾಲಾಣೆಯ ಸದ್ದು ಹೀಗಿರುತ್ತದೆ. ಮೇಲ್ಪದರದ ನಾಣ್ಯದಂತೆ ‘ಟೀಂ’ ಎಂದು ಚಿಮ್ಮುವುದಿಲ್ಲ. ಗುಂಯ್‌ಗುಡುವಿಕೆ ಮೆಲ್ಲಗೆ ಉಬ್ಬಿ, ಒಂದು ಕ್ಷಣ ದುಂಡಗೆ ನಿಂತು, ಅಷ್ಟೇ ಮೆಲ್ಲಗೆ ಇಳಿಯುತ್ತದೆ. ಅಂಚು ನಯ, ಒಡಕಿಲ್ಲ. ಪರದೆ ನೋಡಿದರೆ ಅಂಕಿ ಮೂಡುವುದೇ ಇಲ್ಲ, ಮೂಡಿದರೂ ಒಂದು ಬೀಸಿಗೆ ಕಬ್ಬಿಣ, ಮುಂದಿನದಕ್ಕೆ ನಡು, ಅದರ ಮುಂದಿನದಕ್ಕೆ ಮೇಲಿನದು. ತಲೆಕೆಡಿಸಿಕೊಳ್ಳದೆ ಅಲ್ಲೇ ನಿಂತು, ಕಾಯಿಲನ್ನು ಆ ಬಿಂದುವಿನ ಮೇಲೆ ಒಂದು ಗೇಣು ಅಗಲದಲ್ಲಿ ಚಿಕ್ಕದಾಗಿ ಆಡಿಸಿ. ಎಡಕ್ಕೆ ಹೋಗುವಾಗಲೂ ಬಲಕ್ಕೆ ಬರುವಾಗಲೂ ಅದೇ ಜಾಗದಲ್ಲಿ ಉಬ್ಬಿದರೆ ಅದು ಲೋಹ. ಒಂದು ಕಡೆ ಮಾತ್ರ ಬಂದು ಇನ್ನೊಂದು ಕಡೆ ಬಾರದಿದ್ದರೆ ಸದ್ಯಕ್ಕೆ ಅನುಮಾನ ಇಟ್ಟುಕೊಳ್ಳಿ.

ಎರಡನೇ ಪರೀಕ್ಷೆ ತಿರುಗುವುದು. ಬಿಂದುವನ್ನು ನಡುವೆ ಇಟ್ಟುಕೊಂಡು ಕಾಲು ಸುತ್ತು ತಿರುಗಿ, ಮೊದಲಿನ ಬೀಸಿಗೆ ಅಡ್ಡಲಾಗಿ ಬೀಸಿ. ನಾಣ್ಯ ದುಂಡಗಿದೆ, ಯಾವ ಕಡೆಯಿಂದ ನೋಡಿದರೂ ಒಂದೇ. ಮೊಳೆ ಉದ್ದವಾಗಿದೆ: ಒಂದು ದಿಕ್ಕಿನಲ್ಲಿ ನಾಣ್ಯದಂತೆ ಮೇಲಿನ ಸದ್ದು ಕೊಟ್ಟು, ಅಡ್ಡ ಬೀಸಿಗೆ ಗೊರಗೊರ ಎನ್ನುತ್ತದೆ. ಆದರೆ ಇಲ್ಲಿ ಅವಸರ ಬೇಡ. ಮೊಳೆಯ ಪಕ್ಕದಲ್ಲೇ ನಾಣ್ಯವಿದ್ದರೂ ಒಂದು ದಿಕ್ಕಿನಲ್ಲಿ ಸದ್ದು ಮುರಿಯುತ್ತದೆ. ಆಗ ಗಮನಿಸಬೇಕಾದದ್ದು ಮೇಲಿನ ಸದ್ದು ಎಲ್ಲಿ ಬರುತ್ತದೆ ಎಂಬುದು. ಪಿನ್‌ಪಾಯಿಂಟ್ ಗುಂಡಿ ಒತ್ತಿ ನಡುಬಿಂದು ಗುರುತಿಸಿ, ಅಲ್ಲೊಂದು ಕಡ್ಡಿ ಇಡಿ. ಮೇಲಿನ ಸದ್ದು ಕಡ್ಡಿಯ ಮೇಲೇ ಬಂದರೆ ಅಗೆಯಬಹುದು. ಕಡ್ಡಿಯಿಂದ ನಾಲ್ಕು ಬೆರಳು ಆಚೆ ಬಂದು, ನೀವು ತಿರುಗಿದಂತೆ ಅದೂ ಸುತ್ತ ಜರುಗುತ್ತಿದ್ದರೆ ಅದು ಮೊಳೆಯ ತುದಿಯ ಸುಳ್ಳು ಸದ್ದು.

ಮೂರನೆಯದು ಎತ್ತುವುದು. ಕಾಯಿಲನ್ನು ಮೂರು ನಾಲ್ಕು ಬೆರಳು ಎತ್ತಿ ಬೀಸಿದರೆ ಆಳದ ನಾಣ್ಯದ ಸದ್ದು ಅಲ್ಲೇ ಕರಗುತ್ತದೆ. ಮೊಣಕಾಲಿನ ಹತ್ತಿರ ಎತ್ತಿದರೂ ಕೇಳುತ್ತಲೇ ಇದ್ದರೆ ಕೆಳಗಿರುವುದು ಡಬ್ಬಿ, ತಗಡು, ಮುರಿದ ನೇಗಿಲ ಕುಳ, ಇಲ್ಲವೇ ಪಂಪಿನ ಪೈಪು. ಅಗಲವನ್ನೂ ನೋಡಿ. ಆಳದ ನಾಣ್ಯದ ಸದ್ದು ಕಾಯಿಲ್‌ನ ಅಗಲದೊಳಗೇ ಮುಗಿಯುತ್ತದೆ; ಎರಡು ಕಾಯಿಲ್ ಅಗಲಕ್ಕೆ ಹರಡಿದ ಸದ್ದು ನಾಣ್ಯದ್ದಲ್ಲ. ಪರದೆಯ ಆಳದ ಅಳತೆ ನಾಣ್ಯದ ಗಾತ್ರ ಹಿಡಿದು ಮಾಡಿದ್ದು. ದೊಡ್ಡ ವಸ್ತುವಿಗೆ ನಿಜಕ್ಕಿಂತ ಕಡಿಮೆ ಆಳ, ಸಣ್ಣ ಚೂರಿಗೆ ಹೆಚ್ಚು ಆಳ ತೋರಿಸುತ್ತದೆ.

ಈ ಮೂರರಲ್ಲೂ ಪಾಸಾದ ಸದ್ದಿಗೆ ಅಂಕಿ ಏನೇ ಇರಲಿ, ಅಗೆಯಿರಿ. ಎರಡರಲ್ಲಿ ಪಾಸಾಗಿ ಒಂದರಲ್ಲಿ ತೊದಲಿದರೆ, ಮೇಲಿನ ಮಣ್ಣನ್ನು ಒಂದು ಹಿಡಿ ಆಳ ತೆಗೆದು ಮತ್ತೆ ಕೇಳಿ. ಮೂರು ಇಂಚು ಮಣ್ಣು ಹೋದರೆ ಸಿಗ್ನಲ್ ಎಷ್ಟೋ ಪಟ್ಟು ಹೆಚ್ಚುತ್ತದೆ, ಅಂಕಿಯೂ ಒಂದು ಕಡೆ ಕೂರುತ್ತದೆ. ಹೀಗೆ ಮಾಡಿದರೆ ಇಡೀ ಗುಂಡಿ ತೆಗೆಯುವ ಶ್ರಮ ಉಳಿಯುತ್ತದೆ.

ಇಲ್ಲಿನ ಮೋಸದ ಸದ್ದುಗಳು

ಚಿರೇಕಲ್ಲಿನ ಕಬ್ಬಿಣದಂಶ ಹೆಚ್ಚಿರುವ ಉಂಡೆಗಳು ಅಲ್ಲಲ್ಲಿ ಸಿಗ್ನಲ್ ಕೊಡುತ್ತವೆ. ಗುರುತು ಇದು: ವೇಗವಾಗಿ ಬೀಸಿದಾಗ ಬಂದ ಸದ್ದು ನಿಧಾನ ಮಾಡಿದ ಕೂಡಲೇ ಅಂಚು ಕಳೆದುಕೊಂಡು ಹರಡುತ್ತದೆ, ನಡುಬಿಂದು ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಸುಟ್ಟ ಮಣ್ಣೂ ಅಷ್ಟೇ. ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್ ಬೆಂಕಿಯಲ್ಲಿ ಕಾಂತಗುಣ ಪಡೆಯುತ್ತದೆ, ಹಾಗಾಗಿ ಆಲೆಮನೆಯ ಒಲೆ ಹೂಡಿದ ಜಾಗ, ಬಚ್ಚಲೊಲೆಯ ಬೂದಿ ಸುರಿದ ಮೂಲೆ, ಹಂಚಿನ ಚೂರು ತುಂಬಿದ ಹಿತ್ತಲು ಎಲ್ಲೂ ಯಂತ್ರ ಗೊಣಗುತ್ತದೆ. ಅಲ್ಲಿ ಗ್ರೌಂಡ್ ಬ್ಯಾಲೆನ್ಸ್ ಬೇರೆಯೇ ಮಾಡಿ, ಸೆನ್ಸಿಟಿವಿಟಿ ಇಳಿಸಿ, ಚಿಕ್ಕ ಕಾಯಿಲ್ ಇದ್ದರೆ ಅದನ್ನೇ ಹಾಕಿ.

ಘಟ್ಟದ ಮೇಲೆ ಬಂದೂಕಿನ ತೋಟಾದ ಹಿತ್ತಾಳೆ ಬುಡ ಸಿಗುತ್ತದೆ, ಅದರ ಸದ್ದು ನಾಣ್ಯದಷ್ಟೇ ದುಂಡಗೆ. ಕರಾವಳಿಯಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡು ಇನ್ನೂ ದೊಡ್ಡ ಮೋಸ: ಭಾರವಾದ್ದರಿಂದ ನಾಣ್ಯದ ಪದರಕ್ಕೇ ಇಳಿದಿರುತ್ತದೆ, ಸದ್ದಿನಲ್ಲಿ ಭೇದವಿಲ್ಲ, ಅಗೆಯದೆ ಗೊತ್ತಾಗುವುದಿಲ್ಲ. ಬೇಸರಪಡಬೇಕಿಲ್ಲ, ಸೀಸ ಸಿಕ್ಕಲ್ಲಿ ನಾಣ್ಯವೂ ಇರುವ ಸಂಭವ ಹೆಚ್ಚು.

ಕಡಲತೀರದಲ್ಲಿ

ತೀರದಲ್ಲಿ ಮೂರು ನೆಲಗಳಿವೆ: ಒಣ ಮರಳು, ಒದ್ದೆ ಮರಳು, ಅಲೆ ಬಂದು ಹೋಗುವ ಅಂಚು. ಒಣ ಮರಳಿನಲ್ಲಿ ಯಾವ ಯಂತ್ರವೂ ನಡೆಯುತ್ತದೆ. ಒದ್ದೆ ಮರಳಿನ ಉಪ್ಪು ನೀರು ತಾನೇ ವಿದ್ಯುತ್ ಹರಿಸುವುದರಿಂದ ಒಂದೇ ಆವರ್ತನದ ಯಂತ್ರಕ್ಕೆ ಇಡೀ ನೆಲವೇ ಅಲ್ಯೂಮಿನಿಯಂ ಹಾಳೆಯಂತೆ ಕಾಣುತ್ತದೆ. ಬಹು ಆವರ್ತನದ ಯಂತ್ರದ ಬೀಚ್ ಮೋಡ್, ಇಲ್ಲವೇ ಪಲ್ಸ್ ಇಂಡಕ್ಷನ್ ಯಂತ್ರ ಬೇಕು. ಪಲ್ಸ್ ಇಂಡಕ್ಷನ್ ಉಪ್ಪನ್ನು ಲೆಕ್ಕಿಸದೆ ಆಳಕ್ಕೆ ಹೋಗುತ್ತದೆ, ಆದರೆ ಬಹುತೇಕ ಯಂತ್ರಗಳಲ್ಲಿ ಕಬ್ಬಿಣ ಬೇರ್ಪಡಿಸುವ ಶಕ್ತಿ ಇಲ್ಲ. ಎಲ್ಲವನ್ನೂ ಅಗೆಯುವ ತಾಳ್ಮೆ ಇದ್ದವರಿಗೆ ಅದು.

ನೀರಿನಂಚಿಗೆ ಸಮಾನಾಂತರವಾಗಿ ನಡೆಯಿರಿ. ನೀರಿನ ಕಡೆಗೆ ಹೋಗಿ ಬರುತ್ತ ನಡೆದರೆ ಹೆಜ್ಜೆ ಹೆಜ್ಜೆಗೂ ತೇವ ಬದಲಾಗಿ ಯಂತ್ರ ತೊದಲುತ್ತದೆ. ಕಾಯಿಲ್ ನೀರಿಗೆ ತಾಗಿ ಮೇಲೆದ್ದಾಗ ಬರುವ ‘ಊಪ್’ ಸದ್ದು ಗುರಿಯಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಇಳಿತದಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ, ಆಗಲೇ ತಗ್ಗಿನ ಒದ್ದೆ ಮರಳು ಕೈಗೆ ಸಿಗುವುದು. ಇಳಿತದ ಕೊನೆಗೆ ಎರಡು ತಾಸು ಮೊದಲೇ ಶುರು ಮಾಡಿ, ನೀರು ತಿರುಗಿದ ಮೇಲೆ ಹಿಂದೆ ಬನ್ನಿ.

ಮಳೆಗಾಲದ ಅಲೆ ತೀರದ ಮರಳನ್ನು ಕೊರೆದು ಒಯ್ಯುತ್ತದೆ, ಅಕ್ಟೋಬರಿನಿಂದ ಮರಳು ಮೆಲ್ಲಗೆ ಮರಳಿ ಕೂರುತ್ತದೆ. ಜನವರಿಯಲ್ಲಿ ಎರಡು ಮೊಳ ಮರಳಿನಡಿ ಯಾವ ಯಂತ್ರಕ್ಕೂ ನಿಲುಕದ ನಾಣ್ಯ, ಮಳೆ ನಿಂತ ಹೊಸದರಲ್ಲಿ ಒಂದು ಗೇಣಿನೊಳಗೆ ಬಂದಿರುತ್ತದೆ. ಹಾಗಾಗಿ ಸಿಗ್ನಲ್ ಓದುವ ಜಾಣ್ಮೆಗಿಂತ ಸಮಯ ನೋಡಿ ಹೋಗುವುದೇ ತೀರದಲ್ಲಿ ಹೆಚ್ಚು ಫಲ ಕೊಡುತ್ತದೆ. ಕೊರೆತದಲ್ಲಿ ಶೇಡಿ ಮಣ್ಣಿನ ಅಥವಾ ಚಿಪ್ಪಿನ ಗಟ್ಟಿ ಪದರ ತೆರೆದುಕೊಂಡಿದ್ದರೆ ಅದರ ಮೇಲೇ ಹುಡುಕಿ. ಭಾರದ ವಸ್ತು ಇಳಿದು ನಿಲ್ಲುವುದು ಅಲ್ಲೇ. ಕರಿ ಮರಳಿನ ಪಟ್ಟಿಗಳೂ ಒಳ್ಳೆಯ ಸೂಚನೆ, ಏಕೆಂದರೆ ಅಲೆಯು ಭಾರದ ಖನಿಜವನ್ನೂ ನಾಣ್ಯವನ್ನೂ ಒಟ್ಟಿಗೆ ಬಿಟ್ಟು ಹೋಗುತ್ತದೆ. ಮಾಜಾಳಿ ಆಚೆಯ ತಿಳಮಾತಿಯಂತೆ ಇಡೀ ತೀರವೇ ಎಳ್ಳಿನ ಬಣ್ಣದ್ದಾದರೆ ಮಾತ್ರ ಸೆನ್ಸಿಟಿವಿಟಿ ಗಟ್ಟಿಯಾಗಿ ಇಳಿಸಬೇಕಾಗುತ್ತದೆ.

ಅಂಗಳದಲ್ಲಿ ಅಭ್ಯಾಸ

ಹೊರಗೆ ಹೋಗುವ ಮೊದಲು ಮನೆಯಂಗಳದಲ್ಲಿ ಒಂದು ಸಾಲು ಹೂತಿಡಿ. ಸ್ಟೀಲಿನ ಒಂದು ರೂಪಾಯಿ, ತಾಮ್ರ-ನಿಕಲ್‌ನ ಐದು ರೂಪಾಯಿ, ಅಲ್ಯೂಮಿನಿಯಂ ಹತ್ತು ಪೈಸೆ, ಒಂದು ಕಾಲಾಣೆ, ಒಂದು ತುಕ್ಕು ಮೊಳೆ, ಒಂದು ಸೋಡಾ ಮುಚ್ಚಳ, ಒಂದು ಸೀಸದ ಗುಂಡು. ಒಂದಕ್ಕೊಂದು ಒಂದು ಮೀಟರ್ ಅಂತರ ಇರಲಿ, ಹೂಳುವ ಮೊದಲು ಅಲ್ಲೇನೂ ಇಲ್ಲವೆಂದು ಯಂತ್ರದಿಂದ ನೋಡಿಕೊಳ್ಳಿ. ಕಾಲಾಣೆಯನ್ನು 10, 15, 20 ಸೆಂ.ಮೀ. ಹೀಗೆ ಆಳ ಬದಲಿಸಿ ಕೇಳಿ, ಪ್ರತಿ ಆಳದಲ್ಲಿ ಅಂಕಿ ಎಲ್ಲಿಂದ ಎಲ್ಲಿಗೆ ಜಾರುತ್ತದೆ, ಸದ್ದು ಹೇಗೆ ಬದಲಾಗುತ್ತದೆ ಬರೆದಿಡಿ. ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿಯೂ ಹೂತು ನೋಡಿ: ಅದೇ ಆಳದಲ್ಲಿ ಸದ್ದು ತೀರಾ ಬಡಕಲಾಗುತ್ತದೆ. ಹೊಸದಾಗಿ ಅಗೆದ ಮಣ್ಣು ಸಡಿಲವಾದ್ದರಿಂದ ಮೊದಲ ದಿನದ ಫಲಿತಾಂಶ ನಂಬಬೇಡಿ. ಒಂದು ಮಳೆಗಾಲ ಕಳೆದು ಮಣ್ಣು ಕೂತ ಮೇಲೆ ಅದೇ ಸಾಲು ಬೇರೆಯೇ ಪಾಠ ಹೇಳುತ್ತದೆ.

ಅಗೆಯುವಾಗ

ಬಿಂದುವಿನ ಸುತ್ತ ಅಂಗೈ ಅಗಲಕ್ಕಿಂತ ದೊಡ್ಡದಾಗಿ ಮೂರು ಬದಿ ಕತ್ತರಿಸಿ, ನಾಲ್ಕನೇ ಬದಿಯ ಹುಲ್ಲಿನ ಬೇರು ಹಾಗೇ ಉಳಿಸಿ ಮಣ್ಣಿನ ಹೆಂಟೆಯನ್ನು ಮಗುಚಿ. ಗುದ್ದಲಿಯಿಂದ ನಡುವೆ ಹೊಡೆದರೆ ನಾಣ್ಯದ ಮೇಲೆ ಗೀರು ಖಂಡಿತ. ಹೆಂಟೆ ಎತ್ತಿದ ಮೇಲೆ ಗುಂಡಿಯನ್ನೂ ತೆಗೆದ ಮಣ್ಣನ್ನೂ ಬೇರೆ ಬೇರೆ ಬೀಸಿ ನೋಡಿ. ಗುದ್ದಲಿ, ಹಾರೆ ಕಾಯಿಲ್‌ಗೆ ಎರಡು ಮಾರು ದೂರ ಇರಲಿ. ಕೈಬಳೆ, ಗಡಿಯಾರವೂ ಸುಳ್ಳು ಸದ್ದು ಕೊಡುತ್ತವೆ.

ಗುಂಡಿ ತೆಗೆದ ಮೇಲೆ ಸದ್ದು ಮಾಯವಾದರೆ ನಾಲ್ಕು ಕಾರಣ. ವಸ್ತು ತೆಗೆದ ಮಣ್ಣಿನೊಳಗೆ ಬಂದಿರಬಹುದು. ಮಣ್ಣು ಕುಸಿದು ನಾಣ್ಯ ಅಂಚಿನ ಮೇಲೆ ನಿಂತಿರಬಹುದು, ಆಗ ಕಾಯಿಲನ್ನು ಓರೆ ಮಾಡಿ ಗುಂಡಿಯ ಗೋಡೆಗೆ ಹಿಡಿದು ಕೇಳಿ. ಒಣ ಮರಳಾದರೆ ಇನ್ನೂ ಕೆಳಗೆ ಜಾರಿರಬಹುದು. ನಾಲ್ಕನೆಯದು ತುಕ್ಕು: ಹಳೆಯ ಕಬ್ಬಿಣದ ಸುತ್ತ ತುಕ್ಕು ಮಣ್ಣಿಗೆ ಹರಡಿ ವಸ್ತುವನ್ನು ದೊಡ್ಡದಾಗಿ ತೋರಿಸುತ್ತಿರುತ್ತದೆ, ಆ ಮಣ್ಣು ಒಡೆದ ಕೂಡಲೇ ಸದ್ದೂ ಒಡೆಯುತ್ತದೆ. ಗುಂಡಿಯಲ್ಲಿ ಕಿತ್ತಳೆ ಬಣ್ಣದ ಗೆರೆ ಕಂಡರೆ ಹುಡುಕುವುದು ಬಿಡಿ. ತಾಮ್ರವಿದ್ದ ಕಡೆ ಮಣ್ಣಿನ ಮೇಲೆ ಹಸಿರು ಕಲೆ ಇರುತ್ತದೆ, ಕಂಡರೆ ಬೆರಳಿನಿಂದಲೇ ಬಿಡಿಸಿ.

ಸಿಕ್ಕ ನಾಣ್ಯವನ್ನು ಅಲ್ಲೇ ಅಂಗಿಗೆ ಉಜ್ಜಬೇಡಿ, ಹುಣಸೆಹುಳಿಯಂತೂ ಬೇಡವೇ ಬೇಡ. ನೀರಿನಲ್ಲಿ ಅದ್ದಿ ಮಣ್ಣು ಬಿಟ್ಟಷ್ಟು ಬಿಡಲಿ. ಗುಂಡಿ ಮುಚ್ಚುವ ಮೊದಲು ಇನ್ನೊಮ್ಮೆ ಬೀಸಿ, ಮೇಲಿನ ನಾಣ್ಯದ ಸದ್ದು ಕೆಳಗಿನದನ್ನು ಮುಚ್ಚಿರುವುದು ಸಾಮಾನ್ಯ. ಆದರೆ ಒಂದೇ ಗುಂಡಿಯಲ್ಲಿ ಎರಡು ಮೂರು ಹಳೆಯ ನಾಣ್ಯ ಒಟ್ಟಿಗೆ ಕಂಡರೆ, ಮಡಕೆಯ ಚೂರು ಜೊತೆಗಿದ್ದರೆ, ಅಗೆಯುವುದನ್ನು ಅಲ್ಲಿಗೆ ನಿಲ್ಲಿಸಿ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಗುಂಡಿಯನ್ನು ಮುಟ್ಟದೆ, ಜಾಗದ ಮಾಲೀಕರನ್ನೂ ಕರೆದುಕೊಂಡು ತಹಶೀಲ್ದಾರ್ ಕಚೇರಿಗೆ ಹೋಗಿ ಜಿಲ್ಲಾಧಿಕಾರಿಗೆ ಬರೆದುಕೊಡಿ.